ಲೇಥ್ ಮುಂದೆ ನಿಂತು ಐನ್ ರ‍್ಯಾಂಡ್ ಓದಿದ್ದು

ನಾನು ಸಿಎನ್‌ಸಿ ಲೇಥ್ (ಕಂಪ್ಯೂಟರ್ ಹೇಳಿದಂಗೆ ಲೋಹ ತಿರುಗಿಸಿ ಕೊರೆಯೋ ಮೆಷಿನ್) ಆಪರೇಟರ್, ಹನ್ನೊಂದು ವರ್ಷ ಆಯ್ತು. ನೈಟ್ ಶಿಫ್ಟಲ್ಲಿ ಒಂದೊಂದು ಪೀಸಿಗೂ ಟೈಮ್ ಜಾಸ್ತಿ ಹಿಡಿಯೋ ಜಾಬ್ ಬಿದ್ರೆ ಮಧ್ಯೆ ನಾಲ್ಕು ಪುಟ ಓದ್ಬೋದು, ಹಂಗೇ, ಮನುಷ್ಯ ತನ್ನ ಬುದ್ಧಿ ನಂಬಿ ತನಗೋಸ್ಕರ ಬದುಕ್ಬೇಕು ಅನ್ನೋ ಅಮೆರಿಕದ ಲೇಖಕಿ ಐನ್ ರ‍್ಯಾಂಡ್‌ದು ಎರಡು ದಪ್ಪ ಕಾದಂಬರಿ ಮುಗಿಸ್ದೆ, ಮೊದ್ಲು 1943ರ ಫೌಂಟನ್‌ಹೆಡ್, ಆಮೇಲೆ 1957ರ ಅಟ್ಲಾಸ್ ಶ್ರಗ್ಡ್. ಮೊದಲನೇದ್ರ ಹೀರೋ, ಆರ್ಕಿಟೆಕ್ಟ್ ರೋರ್ಕ್ ಕೆಲಸ ಸಿಗದೆ ಗ್ರಾನೈಟ್ ಕ್ವಾರಿಲಿ ಡ್ರಿಲ್ ಹಿಡ್ಕೊಂಡು ದುಡೀತಾನೆ, ಆದ್ರೂ ಯಾರಿಗೂ ಬಗ್ಗಲ್ಲ. ನಂಗೆ ಅದು ತಲೆಗೇರಿಬಿಡ್ತು.

ಏರಿ ನಾನು ಮಾಡಿದ್ದೇನು ಅಂದ್ರೆ, ಗೊತ್ತಿರೋದನ್ನ ಯಾರಿಗೂ ಹೇಳೋದು ನಿಲ್ಲಿಸ್ದೆ. ನನ್ನ ಬುದ್ಧಿ ನಂದು, ಅವರವರೇ ಕಲೀಲಿ ಅಂತ.

ಒಂದು ಜಾಬ್ ಇತ್ತು, 25 ಎಂಎಂ ಬೋರ್ (ಒಳಗಿನ ತೂತು), ಟಾಲರೆನ್ಸ್ ಸೊನ್ನೆಯಿಂದ ಪ್ಲಸ್ 21 ಮೈಕ್ರಾನ್, ಅಂದ್ರೆ 25ಕ್ಕಿಂತ ಸಣ್ಣದಾಗಂಗಿಲ್ಲ, ಎಂಎಂನ ಸಾವಿರದಲ್ಲಿ 21 ಭಾಗದಷ್ಟು ದೊಡ್ಡದಾದ್ರೆ ನಡೆಯುತ್ತೆ. ಸ್ಟೀಲ್ ಜಾಬ್ ಚಕ್‌ನಿಂದ ಬಿಸಿಯಾಗೇ ಈಚೆ ಬರುತ್ತೆ, ರೂಮಿಗಿಂತ ಇಪ್ಪತ್ತು ಡಿಗ್ರಿ ಜಾಸ್ತಿ ಬಿಸಿ ಇದ್ರೂ ಸಾಕು ಗೇಜಲ್ಲಿ ಐದಾರು ಮೈಕ್ರಾನ್ ದೊಡ್ಡದು ತೋರ್ಸುತ್ತೆ, ಆರಿದ್ಮೇಲೆ ಕುಗ್ಗುತ್ತೆ. ಅದಕ್ಕೇ ನಾನು ಬಿಸೀಲಿ ಪ್ಲಸ್ 12ರ ಹತ್ರ ಬರೋ ಹಂಗೆ ಆಫ್‌ಸೆಟ್ (ಟೂಲ್ ಎಷ್ಟು ಸರೀಬೇಕು ಅನ್ನೋ ತಿದ್ದುಪಡಿ) ಇಟ್ಟಿರ್ತಿದ್ದೆ. ಬೆಳಗಿನ ಶಿಫ್ಟ್ ಹುಡುಗನಿಗೆ ಹೇಳ್ಲಿಲ್ಲ. ಕೊರೆಯೋ ಟೂಲ್ ತುದಿಯ ಇನ್ಸರ್ಟ್ ಸವೀತಾ ಬೋರ್ ಸಣ್ಣದಾಗ್ತಾ ಬಂತು, ಗೇಜ್ ಪ್ಲಸ್ 3 ತೋರಿಸ್ತಿದೆ, ಒಳಗೇ ಇದೆಯಲ್ಲ ಅಂತ ಅವನು ಓಡಿಸ್ದ. ಆರಿದ್ಮೇಲೆ ನೋಡಿದ್ರೆ ಗೋ ಗೇಜ್ (ಬೋರ್ ಸರಿ ಇದ್ರೆ ಒಳಗೆ ಹೋಗ್ಲೇಬೇಕಾದ ಅಳತೆ ಕಡ್ಡಿ) ಒಳಗೇ ಹೋಗ್ತಿಲ್ಲ. ನಲವತ್ತು ಪೀಸ್ ರೀವರ್ಕ್, ಬೈಗುಳ ಪೂರ್ತಿ ಅವನಿಗೆ.

"ಆರ್ಲಿ ಬಿಡೋ, ಆಮೇಲೆ ಅಳಿ" ಅಂತ ನಂಗೆ ಹೇಳ್ಕೊಟ್ಟಿದ್ದು ಒಬ್ರು ಹಳೇ ಟರ್ನರ್, ಅವರೇನೂ ಫಿಲಾಸಫಿ ಓದಿದವರಲ್ಲ. ಆವತ್ತು ಅವರು ನೆನಪಾದ್ರು. ಪುಸ್ತಕ ತಿರುಗಿಸಿ ನೋಡಿದ್ರೆ ಅದ್ರಲ್ಲೂ ಇದೆ ರೀ, ರೋರ್ಕ್ ತಾನಾಗೇ ಹುಡುಕ್ಕೊಂಡು ಹೋಗಿ ಕ್ಯಾಮರನ್ ಅನ್ನೋ ಮುದುಕ ಆರ್ಕಿಟೆಕ್ಟ್ ಹತ್ರ ಕೆಲಸಕ್ಕೆ ಸೇರ್ತಾನೆ, ನಾನು ಅದನ್ನ ಸುಮ್ನೆ ದಾಟ್ಕೊಂಡು ಹೋಗಿದ್ದೆ. ಎಲೆಕ್ಟ್ರಿಷಿಯನ್ ಮೈಕ್ ಅಂತ ಒಬ್ಬ ಬರ್ತಾನೆ, ಪೈಪ್‌ನ ತೊಲೆ ಸುತ್ತ ಬಗ್ಗಿಸ್ತಾ ಒದ್ದಾಡ್ತಿರ್ತಾನೆ, ತೊಲೆಗೇ ತೂತು ಹೊಡಿ ಅಂತ ರೋರ್ಕ್ ತಾನೇ ಉಕ್ಕು ಕೊರೆಯೋ ಟಾರ್ಚ್ ತಗೊಂಡು ಕೊರೆದು ತೋರಿಸ್ತಾನೆ, ಅಲ್ಲಿಂದ ಇಬ್ರೂ ದೋಸ್ತ್. ನಮ್ಮಂಥವರಿಗೆ ಈ ಫಿಲಾಸಫಿಲಿ ಜಾಗ ಇದ್ರೆ ಅದು ಈ ಮೈಕ್ ಪಕ್ಕದಲ್ಲೇ, ಡಿಗ್ರಿ ಕೇಳದೆ ಕೈ ನೋಡಿ ಮರ್ಯಾದೆ ಕೊಡೋದು.

ಎರಡನೇ ಪುಸ್ತಕ ಅಟ್ಲಾಸ್ ಶ್ರಗ್ಡ್ ಮೇಲೆ ಮಾತ್ರ ನನ್ನ ಜಗಳ ಇನ್ನೂ ಮುಗಿದಿಲ್ಲ. ಮೇಲಿರೋನು ಕೆಳಗಿನವ್ರಿಗೆಲ್ಲ ಕೊಡ್ತಾನೆ, ಕೆಳಗಿರೋನಿಂದ ಮೇಲಕ್ಕೆ ಏನೂ ಹೋಗಲ್ಲ ಅನ್ನೋ ಲೆಕ್ಕ ಅದ್ರದ್ದು. ಜೀವ್ಮಾನ ಪೂರ್ತಿ ರೈಲ್ವೇ ಕಂಪನಿಗೆ ನಿಯತ್ತಾಗಿ ದುಡಿದ ಎಡ್ಡಿ ವಿಲರ್ಸ್‌ನ ಕೊನೇಲಿ ಮರುಭೂಮೀಲಿ ಕೆಟ್ಟು ನಿಂತ ರೈಲಿನ ಹತ್ರ ಬಿಟ್ಟುಬಿಡ್ತಾರೆ. ಆ ಭಾಗ ಎರಡು ಸಲ ಓದ್ದೆ, ಎರಡು ಸಲಾನೂ ಸಿಟ್ಟು ಬಂತು.

ಈಗ ಆಫ್‌ಸೆಟ್ ಲೆಕ್ಕ ಎಲ್ಲ ಒಂದು ಶೀಟಲ್ಲಿ ಬರೆದು ಮೆಷಿನ್ ಡೋರಿಗೆ ಅಂಟಿಸಿದೀನಿ. ಹೋದ ವಾರ ನೋಡ್ತೀನಿ, ಕೆಳಗೆ ಬೇರೆ ಇಂಕಲ್ಲಿ ಆ ಹುಡುಗ ಒಂದು ಲೈನ್ ಸೇರ್ಸಿದಾನೆ: "ಬ್ರೇಕ್ ಆದ್ಮೇಲೆ ಮೊದಲ ಎರಡು ಪೀಸ್ ಬೇರೆ ಇಡಿ, ಸೈಜ್ ಬೇರೆ ಬರುತ್ತೆ." ನಾನು ಬ್ರೇಕಲ್ಲೂ ಮೆಷಿನ್ ಓಡಿಸ್ತಾನೇ ಪುಸ್ತಕ ಹಿಡ್ಕೊಂಡು ಕೂತಿರ್ತಿದ್ನಲ್ಲ, ಅದು ನಿಂತು ಆರೋಕೆ ಬಿಡ್ತಾನೇ ಇರ್ಲಿಲ್ಲ, ಇದು ನಂಗೆ ಗೊತ್ತೇ ಆಗಿರ್ಲಿಲ್ಲ.