ತೂಗುಗುಂಡಿನಿಂದ ಮನೆಯಲ್ಲೇ ಗುರುತ್ವ ಅಳೆಯುವುದು ಹೇಗೆ?

ದಾರಕ್ಕೆ ಕಟ್ಟಿದ ಗುಂಡು, ಅಂದರೆ ಲೋಲಕ, ಸಣ್ಣದಾಗಿ ತೂಗುವಾಗ, ಒಮ್ಮೆ ಹೋಗಿ ಬರಲು ಹಿಡಿಯುವ ಸಮಯ ಎರಡನ್ನೇ ಅವಲಂಬಿಸಿದೆ: ಲೋಲಕದ ಉದ್ದ, ಆ ಜಾಗದ ಗುರುತ್ವ. ಉದ್ದಕ್ಕೆ ಟೇಪು, ಸಮಯಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಗುರುತ್ವ ವೇಗೋತ್ಕರ್ಷವನ್ನು ಶೇ. 1ರಷ್ಟು ನಿಖರವಾಗಿ ಕಂಡುಹಿಡಿಯಬಹುದು. ಗುಂಡಿನ ತೂಕ ಲೆಕ್ಕಕ್ಕೆ ಬರುವುದಿಲ್ಲ. ಗುಂಡು ಎರಡರಷ್ಟು ಭಾರವಾದರೆ ಭೂಮಿಯ ಎಳೆತ ಎರಡರಷ್ಟಾಗುತ್ತದೆ, ಅದನ್ನು ಕದಲಿಸಲು ಬೇಕಾದ ಬಲವೂ ಎರಡರಷ್ಟಾಗುತ್ತದೆ. ಹಾಗಾಗಿ ವೇಗೋತ್ಕರ್ಷ ಬದಲಾಗುವುದಿಲ್ಲ.

ಆದರೂ ಗುಂಡು ಭಾರವಾಗಿರಲಿ, ಚಿಕ್ಕದಾಗಿರಲಿ. ಗಾರೆ ಕೆಲಸದವರು ಬಳಸುವ 200 ಗ್ರಾಂ ಆಸುಪಾಸಿನ ತೂಗುಗುಂಡು ಬಹಳ ಒಳ್ಳೆಯದು. ಸಿಗದಿದ್ದರೆ ದೊಡ್ಡ ಕಬ್ಬಿಣದ ನಟ್ ಸಾಕು. ಪ್ಲಾಸ್ಟಿಕ್ ಚೆಂಡನ್ನು ಗಾಳಿ ಬೇಗ ನಿಲ್ಲಿಸಿಬಿಡುತ್ತದೆ. ದಾರ ಹಿಗ್ಗಬಾರದು. ಹೊಲಿಗೆ ದಾರವನ್ನು ಎರಡೆಳೆ ಮಾಡಿಕೊಳ್ಳಿ. ಉಲ್ಲನ್, ಎಲಾಸ್ಟಿಕ್ ಬೇಡ.

ಮೇಲ್ತುದಿಯನ್ನು ಕಟ್ಟುವ ರೀತಿಯಲ್ಲೇ ಅನೇಕ ಪ್ರಯೋಗಗಳು ಕೆಡುತ್ತವೆ. ಮೊಳೆಗೆ ಕುಣಿಕೆ ಹಾಕಿ ನೇತುಹಾಕಿದರೆ ಕುಣಿಕೆ ಆಚೀಚೆ ಜಾರುತ್ತದೆ, ಲೋಲಕ ಎಲ್ಲಿಂದ ತೂಗುತ್ತಿದೆ ಎಂಬುದೇ ಖಚಿತವಾಗಿರುವುದಿಲ್ಲ. ಎರಡು ಚಪ್ಪಟೆ ಮರದ ತುಂಡುಗಳ ನಡುವೆ ದಾರವನ್ನು ಬಿಗಿಯಾಗಿ ಸಿಕ್ಕಿಸಿ, ಆ ತುಂಡುಗಳನ್ನು ಬಾಗಿಲ ಚೌಕಟ್ಟಿನ ಮೇಲ್ಭಾಗಕ್ಕೆ ಅಲುಗಾಡದಂತೆ ಕಟ್ಟಿ. ತುಂಡುಗಳ ಕೆಳ ಅಂಚೇ ನಿಮ್ಮ ಅಳತೆಯ ಆರಂಭ. ಫ್ಯಾನ್ ಆರಿಸಿ.

ಗುಂಡು ಸುಮ್ಮನೆ ನೇತಾಡುವಾಗ ಅದರ ನೇರ ಹಿಂದೆ ಸೀಮೆಸುಣ್ಣದ ಗೆರೆಯೋ, ಕುರ್ಚಿಯ ಅಂಚೋ ಗುರುತಾಗಿರಲಿ. ಒಂದು ಮೀಟರ್ ದಾರಕ್ಕೆ ಗುಂಡನ್ನು 10 ಸೆಂ.ಮೀ. ಮಾತ್ರ ಪಕ್ಕಕ್ಕೆ ಎಳೆದು ಬೆರಳು ಬಿಡಿ. ತಳ್ಳಬೇಡಿ, ತಳ್ಳಿದರೆ ಅದು ನೇರವಾಗಿ ತೂಗುವ ಬದಲು ಮೊಟ್ಟೆಯಾಕಾರದಲ್ಲಿ ಸುತ್ತತೊಡಗುತ್ತದೆ.

ಸ್ಟಾಪ್‌ವಾಚ್ ಒತ್ತಬೇಕಾದದ್ದು ಗುಂಡು ನಡುಗೆರೆ ದಾಟುವಾಗ, ತುದಿ ತಲುಪಿದಾಗ ಅಲ್ಲ. 10 ಸೆಂ.ಮೀ. ಎಳೆದಾಗ ಗುಂಡು ಮೇಲೇರುವುದು ಬರೀ ಅರ್ಧ ಸೆಂ.ಮೀ. ಆ ಎತ್ತರದ ಪ್ರಚ್ಛನ್ನ ಶಕ್ತಿಯೆಲ್ಲ ಕೆಳಗೆ ಬರುವಷ್ಟರಲ್ಲಿ ಚಲನ ಶಕ್ತಿಯಾಗಿ, ನಡುಗೆರೆಯಲ್ಲಿ ಗುಂಡು ಸೆಕೆಂಡಿಗೆ ಸುಮಾರು 31 ಸೆಂ.ಮೀ. ವೇಗದಲ್ಲಿ ಸಾಗುತ್ತದೆ. ತುದಿಯಲ್ಲಿ ವೇಗ ಸೊನ್ನೆ. ಗುಂಡು ಅಲ್ಲೇ ತಡೆದು ನಿಂತಂತೆ ಕಾಣುವುದರಿಂದ ತಿರುಗಿದ ಕ್ಷಣ ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ಎಣಿಕೆ ‘ಸೊನ್ನೆ’ಯಿಂದ ಶುರುವಾಗಲಿ. ಎಡದಿಂದ ಬಲಕ್ಕೆ ಗೆರೆ ದಾಟಿದಾಗ ಸೊನ್ನೆ, ಮತ್ತೆ ಎಡದಿಂದ ಬಲಕ್ಕೆ ದಾಟಿದಾಗ ಒಂದು. ಹೀಗೆ 20ರವರೆಗೆ. ಒಂದೇ ಆಂದೋಲನ ಅಳೆದರೆ ಬೆರಳಿನ 0.2 ಸೆಕೆಂಡಿನ ಹೆಚ್ಚುಕಡಿಮೆ ಇಡೀ ಉತ್ತರವನ್ನು ಹಾಳುಮಾಡುತ್ತದೆ; 20 ಆಂದೋಲನಕ್ಕೆ ಹಿಡಿಯುವ ಸುಮಾರು 40 ಸೆಕೆಂಡಿನಲ್ಲಿ ಅದು ಶೇ. 0.5 ಮಾತ್ರ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಈಗ ಉದ್ದದ ವಿಷಯ. ಉದ್ದ ಅಂದರೆ ಮೇಲಿನ ಅಂಚಿನಿಂದ ಗುಂಡಿನ ರಾಶಿಕೇಂದ್ರದವರೆಗೆ (ಗುಂಡಿನ ರಾಶಿಯೆಲ್ಲ ಒಟ್ಟಾಗಿದೆ ಎನ್ನಬಹುದಾದ ಬಿಂದು). ಅದು ಗುಂಡಿನ ಒಳಗೆಲ್ಲೋ ಇರುತ್ತದೆ, ಟೇಪು ಅಲ್ಲಿಗೆ ಮುಟ್ಟುವುದಿಲ್ಲ. ಇದಕ್ಕೆ ಸೊಗಸಾದ ಪರಿಹಾರವೆಂದರೆ ಎರಡು ಉದ್ದಗಳಲ್ಲಿ ಅಳೆದು ಒಂದರಿಂದ ಇನ್ನೊಂದನ್ನು ಕಳೆಯುವುದು. ಗುಂಡಿನ ಮೇಲ್ತುದಿಯವರೆಗೆ 60 ಸೆಂ.ಮೀ. ಇಟ್ಟು ಒಮ್ಮೆ, 100 ಸೆಂ.ಮೀ. ಇಟ್ಟು ಇನ್ನೊಮ್ಮೆ ಅಳೆಯಿರಿ. ಕೇಂದ್ರ 3 ಸೆಂ.ಮೀ. ಕೆಳಗಿದ್ದರೆ 20 ಆಂದೋಲನಕ್ಕೆ 31.89 ಮತ್ತು 40.78 ಸೆಕೆಂಡಿನಷ್ಟು ಬರಬೇಕು. ಅಂದರೆ ಆವರ್ತ ಕಾಲ (ಒಮ್ಮೆ ಹೋಗಿ ಬರುವ ಸಮಯ) 1.5945, 2.039 ಸೆಕೆಂಡ್, ಅವುಗಳ ವರ್ಗ 2.542, 4.158, ವ್ಯತ್ಯಾಸ 1.615. ಆವರ್ತ ಕಾಲದ ವರ್ಗವೆಂದರೆ ಪೈ ವರ್ಗದ ನಾಲ್ಕರಷ್ಟನ್ನು ಉದ್ದದಿಂದ ಗುಣಿಸಿ ಗುರುತ್ವದಿಂದ ಭಾಗಿಸಿದಷ್ಟು. ಹಾಗಾಗಿ ಪೈ ವರ್ಗದ ನಾಲ್ಕರಷ್ಟು, ಅಂದರೆ 39.48 ಅನ್ನು ಉದ್ದಗಳ ವ್ಯತ್ಯಾಸವಾದ 0.40 ಮೀಟರ್‌ನಿಂದ ಗುಣಿಸಿ, 1.615ರಿಂದ ಭಾಗಿಸಿ: 9.78 ಮೀ/ಸೆ². ಕೇಂದ್ರ ಎಲ್ಲಿದೆಯೆಂದು ತಿಳಿಯುವ ಅಗತ್ಯವೇ ಬೀಳಲಿಲ್ಲ! ಎರಡನೆಯ ಅಳತೆಯೊಂದನ್ನೇ ನಂಬಿ 1 ಮೀಟರ್ ಎಂದು ಲೆಕ್ಕ ಹಾಕಿದ್ದರೆ 9.50 ಬರುತ್ತಿತ್ತು.

ತಪ್ಪು ಉತ್ತರವೂ ಬಹಳ ಹೇಳುತ್ತದೆ. 10.8ರ ಹತ್ತಿರ ಬಂದರೆ ಎಣಿಕೆಯನ್ನು ಸೊನ್ನೆಯ ಬದಲು ಒಂದರಿಂದ ಶುರುಮಾಡಿದ್ದೀರಿ. ನಿಜವಾಗಿ ಆದದ್ದು 19 ಆಂದೋಲನ. 9.45ರಷ್ಟು ಬಂದರೆ ಗುಂಡನ್ನು 30 ಡಿಗ್ರಿವರೆಗೆ ಎಳೆದಿರಬಹುದು. ಗುಂಡನ್ನು ನಡುವಿಗೆ ಎಳೆಯುವ ಬಲ ಸಣ್ಣ ಕೋನಗಳಲ್ಲಿ ಮಾತ್ರ ದೂರಕ್ಕೆ ತಕ್ಕಂತೆ ಏರುತ್ತದೆ. ಕೋನ ದೊಡ್ಡದಾದಂತೆ ಆ ಏರಿಕೆ ಹಿಂದೆ ಬಿದ್ದು, ಆವರ್ತ ಕಾಲ ಹಿಗ್ಗುತ್ತದೆ. 30 ಡಿಗ್ರಿಗೆ ಹಿಗ್ಗುವುದು ಶೇ. 1.7, ಉತ್ತರ ತಗ್ಗುವುದು ಅದರ ಎರಡರಷ್ಟು. 10 ಡಿಗ್ರಿಯೊಳಗೆ ಈ ಚಿಂತೆ ಬೇಡ.

ಪಠ್ಯಪುಸ್ತಕದ 9.81 ಬರಲಿಲ್ಲವೆಂದು ಅಂಕಿಗಳನ್ನು ತಿದ್ದುವ ಅಭ್ಯಾಸ ಮಾತ್ರ ಖಂಡಿತ ಬೇಡ. ಗುರುತ್ವ ಎಲ್ಲೆಡೆ ಒಂದೇ ಅಲ್ಲ: ಪ್ಯಾರಿಸ್‌ನಲ್ಲಿ 9.81, ಬೆಂಗಳೂರಿನಲ್ಲಿ 9.78. ಫ್ರೆಂಚ್ ಖಗೋಳ ವಿಜ್ಞಾನಿ ಝಾನ್ ರಿಶೇ 1672ರಲ್ಲಿ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದಲ್ಲಿ ಸಮಭಾಜಕದ ಸಮೀಪವಿರುವ ಕೇಯೆನ್‌ಗೆ ಒಯ್ದ ಲೋಲಕ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿದ್ದದ್ದು ಇದೇ ಕಾರಣಕ್ಕೆ. ಬಾಗಿಲ ಚೌಕಟ್ಟಿನ ಪ್ರಯೋಗದಲ್ಲಿ ಇಷ್ಟು ಸಣ್ಣ ವ್ಯತ್ಯಾಸವನ್ನು ಖಚಿತವಾಗಿ ಹಿಡಿಯಲಾಗದು. ಹಿಡಿಯಲೇಬೇಕೆಂದಿದ್ದರೆ ಮಹಡಿ ಮೆಟ್ಟಿಲುಗಳ ನಡುವಿನ ತೆರವಿನಂಥ ಜಾಗದಲ್ಲಿ 1 ಮತ್ತು 3 ಮೀಟರ್ ದಾರ ಇಳಿಬಿಟ್ಟು, ಉದ್ದವನ್ನು ಮಿ.ಮೀ.ವರೆಗೆ ಅಳೆದು, 100 ಆಂದೋಲನ ಎಣಿಸಿ. ಮೂರು ಮೀಟರಿಗೆ ಸುಮಾರು 5 ನಿಮಿಷ 48 ಸೆಕೆಂಡ್ ಹಿಡಿಯುತ್ತದೆ. ಎಣಿಸಲು ಒಬ್ಬರು, ಗಡಿಯಾರಕ್ಕೆ ಇನ್ನೊಬ್ಬರು ಇರಲಿ.