ಮೂಗಿನಿಂದ ರಕ್ತ ಬಂತು ಎಂಬ ಸುಳ್ಳು

ಹುಡುಗಿಯೊಬ್ಬಳ ಕೊಲೆಯ ಕಥೆ ಹೇಳುವ ಅಮೆರಿಕದ ಜನಪದ ಹಾಡು 'ನಾಕ್ಸ್‌ವಿಲ್ ಗರ್ಲ್' ಅನ್ನು ಮೊದಲ ಸಲ ಗೆಳೆಯರ ಮುಂದೆ ಹಾಡಿದಾಗ ಒಂದು ತಪ್ಪು ಮಾಡಿದೆ. ಇದು ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ನಿಜವಾಗಿ ನಡೆದ ಕೊಲೆ ಎಂದು ಜಂಬದಿಂದ ಪೀಠಿಕೆ ಹಾಕಿದೆ. ಹಾಗಂತ ಯಾರೂ ನನಗೆ ಹೇಳಿರಲಿಲ್ಲ. ಹಾಡಿನಲ್ಲಿ ಊರಿನ ಹೆಸರಿದೆಯಲ್ಲ, ಸುಮ್ನೆ ನಂಬಿದ್ದೆ.

ಆಮೇಲೆ ರೌಡ್ ಸೂಚಿಯ ಪರಿಚಯವಾಯಿತು. ಇಂಗ್ಲಿಷ್ ಜನಪದ ಹಾಡುಗಳಿಗೆ ಒಂದೊಂದು ನಂಬರ್ ಕೊಟ್ಟಿರುವ ಪಟ್ಟಿ ಅದು. ನನ್ನ ಹಾಡಿನದು 263. ಅದೇ ನಂಬರಿನ ಕೆಳಗೆ ಆಕ್ಸ್‌ಫರ್ಡ್ ಹುಡುಗಿ ಇದ್ದಳು, ಐರ್ಲೆಂಡಿನ ವೆಕ್ಸ್‌ಫರ್ಡ್ ಹುಡುಗಿಯೂ ಇದ್ದಳು. ಇವರೆಲ್ಲರ ಹಿಂದೆ ಇಂಗ್ಲೆಂಡಿನ 'ಬರ್ಕ್‌ಶೈರ್ ಟ್ರ್ಯಾಜಿಡಿ' ಇತ್ತು. 18ನೇ ಶತಮಾನದಲ್ಲಿ ಬಿಡಿ ಹಾಳೆಯಲ್ಲಿ ಅಚ್ಚಾಗಿ ಬೀದಿಯಲ್ಲಿ ಮಾರಾಟವಾಗುತ್ತಿದ್ದ ಹಾಡು. ಸಮುದ್ರ ದಾಟಿದ ಮೇಲೆ ಹಾಡುವವರು ತಮಗೆ ಗೊತ್ತಿದ್ದ ಊರನ್ನು ಅದರೊಳಗೆ ಕೂರಿಸಿದ್ದರು, ಅಷ್ಟೇ.

ನೋಟ್‌ಬುಕ್ಕಿನ ಎಡ ಪುಟದಲ್ಲಿ ಹಳೆಯದು, ಬಲ ಪುಟದಲ್ಲಿ ಅಮೆರಿಕದ ಗಾಯಕರಾದ ಲೂವಿನ್ ಸಹೋದರರು 1956ರಲ್ಲಿ ಹೊರತಂದ ರೂಪ ಬರೆದುಕೊಂಡೆ. ಎಡಗಡೆ ಹುಡುಗಿ ಬಸುರಿ, ಮದುವೆಯಾಗು ಅನ್ನುತ್ತಾಳೆ, ಅವನು ಕೊಲ್ಲುತ್ತಾನೆ. ಬಲಗಡೆ ಬಸುರಿನ ಮಾತೇ ಇಲ್ಲ! ಕಾರಣ ಹೇಳದೆ ಕೋಲೆತ್ತಿ ಹೊಡೆಯುತ್ತಾನೆ. ಕೊನೆಗೆ ನೇಣಿನ ಬದಲು ಜೈಲು. ಆದರೆ ಒಂದು ಜಾಗ ಮಾತ್ರ ಎರಡೂ ಕಡೆ ಹಾಗೇ ಉಳಿದಿದೆ. ಬಟ್ಟೆಯ ಮೇಲೆ ರಕ್ತ ಹೇಗೆ ಬಂತು ಎಂಬ ಪ್ರಶ್ನೆಗೆ ಅವನು ಹೇಳುವುದು, ಮೂಗಿನಿಂದ ಬಂತು ಅಂತ. ಇನ್ನೂರು ವರ್ಷದಲ್ಲಿ ಏನೇನೋ ಮರೆತವರು ಈ ಸಣ್ಣ ಸುಳ್ಳನ್ನು ಮರೆಯಲಿಲ್ಲ.

ಇಂಥದೇ ಇನ್ನೊಂದು ಕೊಲೆಯ ಹಾಡು 'ಪ್ರೆಟಿ ಪಾಲಿ'ಯನ್ನೂ ಹೀಗೇ ಬಿಡಿಸಿ ನೋಡಿದೆ. ಅದರ ಮೂಲ ಇಂಗ್ಲೆಂಡಿನ 'ಗಾಸ್‌ಪೋರ್ಟ್ ಟ್ರ್ಯಾಜಿಡಿ'. ಕೊಂದವನು ಹಡಗಿನ ಬಡಗಿ. ಸತ್ತವಳ ದೆವ್ವ ಹಡಗಿಗೇ ಬರುತ್ತದೆ. ವರ್ಜೀನಿಯಾದ ಗಣಿ ಕೆಲಸಗಾರ ಡಾಕ್ ಬಾಗ್ಸ್ 1927ರಲ್ಲಿ ಬ್ಯಾಂಜೋ ಎಂಬ ತಂತಿವಾದ್ಯ ಹಿಡಿದು ಹಾಡಿದಾಗ ಹಡಗೂ ಇಲ್ಲ, ದೆವ್ವವೂ ಇಲ್ಲ. ಹಿಂದಿನ ರಾತ್ರಿಯೇ ತೋಡಿಟ್ಟ ಗುಂಡಿ ಉಳಿದಿದೆ. ನನಗಂತೂ ದೆವ್ವಕ್ಕಿಂತ ಅದೇ ಜಾಸ್ತಿ ಭಯ.

ನುಡಿಸಲು ಬ್ಯಾಂಜೋದ ಎರಡನೇ ತಂತಿಯನ್ನು 'ಬಿ' ಸ್ವರದಿಂದ 'ಸಿ'ಗೆ ಏರಿಸಿದೆ. ಮೊದಲ ಸಾಲನ್ನು ಮತ್ತೆ ಹೇಳಿ ಮೂರನೆಯದರಲ್ಲಿ ಉತ್ತರ ಕೊಡುವ ಈ ಹಾಡಿನ ಧಾಟಿ ಬೆರಳಿಗೆ ಹತ್ತಿದಾಗ, ಅರೆ, ಇದು ಕಪ್ಪು ಅಮೆರಿಕನ್ನರ ಬ್ಲೂಸ್ ಸಂಗೀತದ ಅಳತೆ ಅಲ್ವಾ ಅನ್ನಿಸಿತು. ಬಾಗ್ಸ್ ತಮ್ಮ ಊರಿನ ಕಡೆಯ ಕಪ್ಪು ವಾದಕರನ್ನು ಕೇಳಿ ಕಲಿತವರು. ಬ್ಯಾಂಜೋ ವಾದ್ಯದ ಬೇರೇ ಆಫ್ರಿಕಾದ್ದು. ಕಥೆ ಒಂದು ದಡದಿಂದ, ವಾದ್ಯ ಇನ್ನೊಂದು ದಡದಿಂದ.

ನಿಜ ಘಟನೆಯ ಹಾಡುಗಳು ಇಲ್ಲವೆಂದಲ್ಲ. 'ಟಾಮ್ ಡೂಲಿ'ಯ ನಾಯಕ ಟಾಮ್ ಡ್ಯೂಲಾನನ್ನು 1868ರ ಮೇ 1ರಂದು ಉತ್ತರ ಕ್ಯಾರೊಲಿನಾದಲ್ಲಿ ಗಲ್ಲಿಗೇರಿಸಿದರು.

ಈಗ 'ನಾಕ್ಸ್‌ವಿಲ್ ಗರ್ಲ್' ಹಾಡುವಾಗ ಪೀಠಿಕೆ ಬಿಟ್ಟಿದ್ದೇನೆ. ರಕ್ತ ಹೇಗೆ ಬಂತು ಎಂಬ ಅವನ ತಾಯಿಯ ಪ್ರಶ್ನೆ ಬಂದ ಕೂಡಲೇ ಗಿಟಾರ್ ನಿಲ್ಲಿಸುತ್ತೇನೆ. ಮೂಗಿನ ಸಾಲನ್ನು ಬರೀ ಗಂಟಲಲ್ಲಿ ಹೇಳಿ, ಮೂರು ಮಾತ್ರೆಯ ಆ ಇಂಪಾದ ವಾಲ್ಟ್ಸ್ ತಾಳಕ್ಕೆ ಮತ್ತೆ ಮರಳುತ್ತೇನೆ.