ವಸಂತದ ಹಿಮ: ಬೆಳಗಿನ ಗಟ್ಟಿ ನೆಲ ಮಧ್ಯಾಹ್ನಕ್ಕಿಲ್ಲ

ವಸಂತದಲ್ಲಿ ಪರ್ವತ ಏರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ: ರಾತ್ರಿ ಆಕಾಶ ಹೇಗಿತ್ತು? ಮೋಡವಿಲ್ಲದ ರಾತ್ರಿಯಲ್ಲಿ ಹಿಮ ತನ್ನ ಶಾಖವನ್ನು ಬಿಟ್ಟುಕೊಟ್ಟು ಹೆಪ್ಪುಗಟ್ಟುತ್ತದೆ. ಮೋಡ ಕವಿದಿದ್ದರೆ ಹೊದಿಕೆ ಹೊದ್ದಂತೆ ಬೆಚ್ಚಗಿದ್ದು ಮೆತ್ತಗೇ ಉಳಿಯುತ್ತದೆ. ಅಂಥ ದಿನ ಹಿಮಕುಸಿತದ ಭಯಕ್ಕೆ ನಾನು ಕಡಿದಾದ ಇಳಿಜಾರಿಗೆ ಹೋಗುವುದೇ ಇಲ್ಲ.

ಬೂಟಿನಿಂದ ಒದ್ದು ನೋಡಿ. ಮೇಲ್ಪದರ ಗಟ್ಟಿಯಾಗಿ ಟಕಟಕ ಸದ್ದು ಮಾಡಿದರೆ ಸದ್ಯಕ್ಕೆ ಸರಿ. ಕಣಕಾಲಿನವರೆಗೆ ಹೂತರೆ ಹಿಂದಿರುಗುವ ಹೊತ್ತಾಯಿತು. ಒಂದು ಹಿಡಿ ಹಿಮವನ್ನು ಹಿಂಡಿ; ನೀರು ತೊಟ್ಟಿಕ್ಕಿದರೆ ಕಣಗಳ ಬೆಸುಗೆ ಬಿಟ್ಟುಹೋಗುತ್ತಿದೆ. ಬಂಡೆಗಳ ಕೆಳಗಿಂದ ಹಿಮದುಂಡೆಗಳು ತಾವಾಗಿಯೇ ಉರುಳತೊಡಗಿದರೆ ಇನ್ನು ಪರೀಕ್ಷೆ ಬೇಡ, ಅಲ್ಲಿಂದ ಹೊರಡಿ.

ಪೂರ್ವದ ಇಳಿಜಾರು ಮೊದಲು ಬಿಸಿಯಾಗುತ್ತದೆ, ಪಶ್ಚಿಮದ್ದು ಕೊನೆಗೆ. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಆರಂಭವಾಗುತ್ತವೆ. ಕೋನವನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ, ಅಳೆಯಿರಿ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲೆ ಏನಿದೆ ಎಂದು ನೋಡಿ. ಶಿಖರದಂಚಿನಲ್ಲಿ ಚಾಚಿಕೊಂಡ ಹಿಮದ ಚಜ್ಜ ಬಿಸಿಲಿಗೆ ಸಡಿಲಗೊಂಡು ಕಳಚಿ ಬೀಳುತ್ತದೆ. ಅದರ ಕೆಳಗೆ ಊಟಕ್ಕೆ ಕೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಹಿಮಕ್ಕೆ ಚುಚ್ಚಿ ಹುಡುಕುವ ಶೋಧನಾ ಕೋಲು, ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಲಿ. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಿಂದ ನೋಡುತ್ತಿರಿ. ಹೂತವರನ್ನು ಸಂಗಾತಿಗಳೇ ಅಗೆದು ತೆಗೆಯಬೇಕು. ಮೊದಲ 15 ನಿಮಿಷ ಕಳೆದ ಮೇಲೆ ಬರುವ ನೆರವು ಬಹುಪಾಲು ತಡವಾದ ನೆರವೇ.